ಅಮ್ಮನ ಅಮ್ಮನ ಹೆಸರು

ನಮ್ಮ ಬೀಗರು ಡೂಗಲ್ ಸ್ಕಾಟ್ಲೆಂಡಿನ ಇನ್ವರ್ನೆಸ್‌ನಿಂದ ಒಂದು ಕಾಗದದ ಸುರುಳಿ ಹಿಡಿದುಕೊಂಡು ಬಂದರು. ಲಂಡನ್ನಿನ ಎಜ್‌ವೇರ್‌ನ ನನ್ನ ಪುಟ್ಟ ಫ್ಲಾಟಿನ ಊಟದ ಮೇಜಿನ ಮೇಲೆ ಅದನ್ನು ಹರಡಿ, ಮೂಲೆಗಳಿಗೆ ನನ್ನ ಉಪ್ಪಿನಕಾಯಿ ಜಾಡಿ, ಸಕ್ಕರೆ ಡಬ್ಬಿ ಎಲ್ಲ ಹೇರಿದರು. ನನ್ನನ್ನೊಂದು ಮಾತು ಕೇಳಬೇಡವೇ? ಹೋಗಲಿ, ಮನೆಗೆ ಮನುಷ್ಯರು ಅಂತ ಬಂದಿದ್ದರಲ್ಲ. ಆ ಮೇಜಿಗೆ ಎರಡನೆಯ ತಟ್ಟೆ ಬಿದ್ದು ಹನ್ನೊಂದು ದಿನವಾಗಿತ್ತು.

ಅದು ಅವರ ವಂಶವೃಕ್ಷ. ಮೊಮ್ಮಗಳು ಮೋರಾಗ್‌ಗೆ ಎಂಟು ತುಂಬಿತು, ಇನ್ನು ಅವಳಿಗೆ ಒಪ್ಪಿಸಬೇಕು ಅಂತ ತಂದಿದ್ದರು.

"ನಮ್ಮ ಸ್ಕಾಟ್ಲೆಂಡಿನ ಹಳೇ ಮನೆತನಗಳಲ್ಲಿ ಹೆಸರಿಗೊಂದು ಕ್ರಮ ಇದೆ ಮಗೂ," ಎಂದು ಇಂಗ್ಲಿಷಿನಲ್ಲಿ ಶುರುಮಾಡಿದರು. "ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು. ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು. ನೋಡು, ಏಳು ತಲೆಮಾರು."

ಪಕ್ಕದಲ್ಲೇ ಕೂತಿದ್ದ ಮೋರಾಗ್ ಹುಬ್ಬು ಗಂಟಿಕ್ಕಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ಇಂಗ್ಲಿಷು. ತಾನೇ ಮೊದಲ ಮಗಳಲ್ಲವೇ, ಮೋರಾಗ್ ಅನ್ನುವುದು ಅಪ್ಪನ ಅಮ್ಮನ ಹೆಸರಲ್ಲವೇ ಎಂದು ಕೇಳಿದಳು.

ಡೂಗಲ್ ನನ್ನ ಕಡೆ ಒಮ್ಮೆ ನೋಡಿ, ಸುಮ್ಮನೆ ಕಾಫಿ ಕುಡಿದರು. ದೊಡ್ಡ ಮನುಷ್ಯ, ಚಾಡಿ ಹೇಳಲಿಲ್ಲ.

"ತಪ್ಪಿಸಿದೋಳು ನಾನು ಕಣೇ," ಅಂದೆ.

ಅವಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ನನ್ನ ಮಗಳು ಗಾರ್ಗಿ, "ಅಮ್ಮಾ, ನಿನ್ನ ಹೆಸರೇ ಇಡ್ತೀವಿ," ಅಂದಿದ್ದಳು. ನನಗೆ ಎಲ್ಲಿತ್ತೋ ಕೋಪ! "ನಾನಿನ್ನೂ ಗುಂಡುಕಲ್ಲಿನ ಹಾಗೆ ಬದುಕಿದೀನಿ! ಹೆಸರು ಇಡೋದು ಸತ್ತೋರದ್ದಲ್ವೇನೇ?" ಎಂದು ವಾರ್ಡೆಲ್ಲ ಕೇಳುವಂತೆ ಕೂಗಾಡಿದ್ದೆ. ಮೈಸೂರಿನ ನಮ್ಮ ಮನೆಯಲ್ಲಿ ಹೋದವರ ಹೆಸರನ್ನೇ ಇಡುತ್ತಿದ್ದುದು. ನನಗೆ ಅಲ್ಲೇ ತಿಥಿ ಮಾಡಿದಷ್ಟು ಸಂಕಟವಾಗಿತ್ತು. ಕೊನೆಗೆ ಡೂಗಲ್ ಅವರ ತೀರಿಕೊಂಡ ಹೆಂಡತಿಯ ಹೆಸರಿಟ್ಟರು.

ಆಮೇಲೆ ನಮ್ಮ ಯಜಮಾನರೂ ಹೋದರು. ಮೂರು ವರ್ಷವಾಯಿತು. ದಿನಾ ಟವಲ್ ಮರೆತು ಸ್ನಾನಕ್ಕೆ ಹೋಗಿ, "ವೈದೇಹೀ!" ಎಂದು ಒಳಗಿನಿಂದ ಕೂಗುತ್ತಿದ್ದರು. ನಾನು ಒಲೆ ಬಿಟ್ಟು ಕದಲದೆ, "ಏನ್ರೀ!" ಎಂದು ರೇಗುತ್ತಿದ್ದೆ. ಈಗ ಗಾರ್ಗಿಗೆ ನಾನು ಅಮ್ಮ, ಜಿಪಿ ಡಾಕ್ಟರಿಗೆ ಮಿಸೆಸ್ ಮೂರ್ತಿ, ಕಿಂಗ್ಸ್‌ಬರಿಯ ಅಂಗಡಿಯವರಿಗೆ ಆಂಟಿ. ನನ್ನ ಹೆಸರು ಹಿಡಿದು ಕರೆಯುವ ಒಂದು ನರಪಿಳ್ಳೆಯೂ ಈ ಲಂಡನ್ನಿನಲ್ಲಿ ಉಳಿದಿಲ್ಲ. ಅದನ್ನು ನೆನೆಸಿಕೊಂಡು ಎಷ್ಟೋ ಸಂಜೆ ಅತ್ತಿದ್ದೇನೆ.

"ಹಾಗಾದ್ರೆ ನನ್ನ ಹೆಸರು ಏನಾಗ್ತಿತ್ತು?" ಮೋರಾಗ್ ಇಂಗ್ಲಿಷಿನಲ್ಲೇ ಕೇಳಿದಳು.

ನಾನು ದಂಗಾದೆ. ಎಂಟು ವರ್ಷದಿಂದ ನನ್ನ ಮಡಿಲಲ್ಲಿ ಬೆಳೆದ ಮಗುವಿಗೆ ನನ್ನ ಹೆಸರೇ ಗೊತ್ತಿಲ್ಲ! ಹೇಳಿದೆ. ನನ್ನ ಹೆಸರು ನನ್ನ ಬಾಯಿಗೇ ಹೊಸದಾಗಿತ್ತು.

"ವೈ-ಡೇ-ಹೀ," ಅಂದಳು. ಮತ್ತೆ ಅಂದಳು. ಎದೆ ತುಂಬಿ ಬಂತು. ಆದರೆ ಈ ಹಾಳು ನಾಲಿಗೆ, "ಸಾಕು, ದೊಡ್ಡೋರ ಹೆಸರು ಹಿಡಿದು ಕರೀಬಾರದು," ಎಂದುಬಿಟ್ಟಿತು.

ಸಂಜೆ ಗಾರ್ಗಿ ಕರೆದುಕೊಂಡು ಹೋಗಲು ಬಂದಳು. ಡೂಗಲ್ ಸುರುಳಿ ಸುತ್ತಿಕೊಂಡರು. ಲಿಫ್ಟಿನೊಳಗೆ ನಿಂತು ಮೋರಾಗ್ ತುಂಟತನದಿಂದ, "ಬೈ, ವೈಡೇಹೀ!" ಎಂದು ಕೈಬೀಸಿದಳು.

"ಏಯ್! ಅಜ್ಜಿ ಅನ್ನು," ಗಾರ್ಗಿ ಗದರಿದಳು. ನಾನೇ ಕಲಿಸಿದ ಪಾಠ, ನನ್ನದೇ ಧಾಟಿ.

"ಸಾರಿ. ಬೈ, ಅಜ್ಜಿ."

ಲಿಫ್ಟಿನ ಬಾಗಿಲು ಮುಚ್ಚಿತು.

ಒಳಗೆ ಬಂದೆ. ಮೇಜು ಖಾಲಿ, ಉಪ್ಪಿನಕಾಯಿ ಜಾಡಿ ಮಾತ್ರ ಮೂಲೆಯಲ್ಲಿತ್ತು. ತಡೆಯಲಾಗಲಿಲ್ಲ. ಮಂಡಿನೋವನ್ನೂ ಲೆಕ್ಕಿಸದೆ, ಚಪ್ಪಲಿಯನ್ನೂ ಮೆಟ್ಟದೆ ಎರಡು ಮಹಡಿ ಮೆಟ್ಟಿಲಿಳಿದೆ. ಕಾರು ಆಗಲೇ ಹೊರಟಿತ್ತು. ಹಿಂದಿನ ಸೀಟಿನಿಂದ ಡೂಗಲ್ ನನ್ನನ್ನು ನೋಡಿ ನಿಲ್ಲಿಸಲು ಹೇಳಿದರು.

"ಏನಮ್ಮಾ ಇದು, ಬರಿಗಾಲಲ್ಲಿ!" ಗಾರ್ಗಿ ಗಾಬರಿಯಾದಳು.

"ಅವಳನ್ನ ಬೈಬೇಡ ಕಣೇ. ಕರೀಲಿ." ಏದುಸಿರು ಬರುತ್ತಿತ್ತು. "ಬಂಗಾರೀ, ಇನ್ನೊಂದ್ಸಲ ಕರಿಯೇ ನನ್ನ."

ಮೋರಾಗ್ ಮೊದಲು ಅಮ್ಮನ ಮುಖ ನೋಡಿದಳು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು. "ವೈಡೇಹೀ!"

"ಏನ್ರೀ," ಅಂದುಬಿಟ್ಟೆ.