ದೊಡ್ಡಸೊಸೆಯ ಸೊಟ್ಟ ಬಾಲ

"ಮೊದಲು ಕೀ ಕೊಡಿ" ಎಂದು ಹಲ್ಲಿನ ಡಾಕ್ಟರು ಕೈ ಚಾಚಿದಾಗ ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಸೋಫಾದಲ್ಲಿ ನನ್ನ ಮೈದುನ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಬಣ್ಣದ ಮೀನಿನ ಅಂಗಡಿ ಇಟ್ಟವನು. ನನ್ನ ಗಂಡ ಸತ್ತ ಮೇಲೆ, ಅವರು ಮಾಡುತ್ತಿದ್ದ ಮನೆ ಮನೆಯ ಮೀನಿನ ತೊಟ್ಟಿ ತೊಳೆಯುವ ಕೆಲಸ ತನಗೇ ಬರುತ್ತದೆ ಎಂದುಕೊಂಡಿದ್ದ. ನಾನು ಬಿಡಲಿಲ್ಲ. ಐದು ವರ್ಷದಿಂದ ಅವನಿಗೆ ಅದೇ ಕಣ್ಣುರಿ.

ಕೀಯನ್ನು ಮೇಜಿನ ಮೇಲೆ ಕುಕ್ಕಿದೆ.

"ನಾನು ಊರಿಗೆ ಹೋಗುವಾಗ ತೊಟ್ಟಿಯಲ್ಲಿ ನಾಲ್ಕು ಹೆಣ್ಣಿದ್ವು" ಎಂದು ಡಾಕ್ಟರು ಫೋನಿನಲ್ಲಿ ಫೋಟೋ ತೋರಿಸಿದರು. "ಎರಡು ತಿಂಗಳು ಬಿಟ್ಟು ಬಂದರೆ ಮೂರೇ ಇವೆ. ಮನೆ ಕೀ ಇದ್ದದ್ದು ನಿಮ್ಮೊಬ್ಬರ ಹತ್ರಾನೇ."

"ಗಂಡು ಒಂದಿದೆಯಲ್ಲ, ಅದನ್ನೂ ಎಣಿಸಿ."

"ಅದೇ ಕೇಳ್ತಿರೋದು. ಗಂಡು ಅವತ್ತೇ ಸತ್ತಿತ್ತಲ್ಲ, ಇದು ಎಲ್ಲಿಂದ ಬಂತು?"

ಆ ಗಾಜಿನ ತೊಟ್ಟಿಯಲ್ಲಿರುವುದು ರಾಸ್ ಎಂಬ ಸಮುದ್ರದ ಮೀನು. ಹೆಣ್ಣಿಗೆ ಚಿರತೆಯಂತೆ ಮೈತುಂಬ ಚುಕ್ಕೆ, ಗಂಡಿಗೆ ಹಸಿರು ಬಣ್ಣ. ಒಂದು ಗಂಡು, ನಾಲ್ಕು ಹೆಣ್ಣು ಇದ್ದವು. ಗಂಡನ್ನು ನಾನು ಮಾವ ಎನ್ನುತ್ತಿದ್ದೆ, ಹೆಣ್ಣುಗಳನ್ನು ಸೊಸೆಯರು ಎಂದು. ಡಾಕ್ಟರು ಊರಿಗೆ ಹೊರಡುವ ಹಿಂದಿನ ದಿನ ತೊಟ್ಟಿಯ ಮುಚ್ಚಳ ಹಾಕಲು ಮರೆತರು. ಮಾವ ಹೊರಗೆ ಹಾರಿ ಕಪಾಟಿನ ಹಿಂದೆ ಬಿದ್ದು ಒಣಗಿದ. ಡಾಕ್ಟರೇ ಅವನನ್ನು ಎತ್ತಿ ಬಿಸಾಡಿ ಊರಿಗೆ ಹೊರಟರು.

ಈ ಜಾತಿಯಲ್ಲಿ ಗಂಡು ಹೋದರೆ ಎಲ್ಲರಿಗಿಂತ ದೊಡ್ಡ ಹೆಣ್ಣು ಗಂಡಾಗುತ್ತದೆ. ಮೊದಲು ಬದಲಾದದ್ದು ದೊಡ್ಡಸೊಸೆಯ ಗತ್ತು. ಉಳಿದ ಮೂವರ ಮುಂದೆ ರೆಕ್ಕೆ ಬಿಚ್ಚಿ ಓಡಾಡತೊಡಗಿದಳು. ಆಮೇಲೆ ಕೆನ್ನೆಗೆ ಹಸಿರು ಬಂತು. ವಾರ ವಾರವೂ ಚುಕ್ಕೆಗಳು ಒಂದಕ್ಕೊಂದು ಕೂಡಿ ಗೆರೆಗಳಾದವು. ನಾನು ಓದಿದ್ದು ಏಳನೇ ಕ್ಲಾಸು. ಇದನ್ನು ಮೊಣಕೈವರೆಗೆ ಉಪ್ಪುನೀರಲ್ಲಿ ಕೈ ಅದ್ದಿ ಕಲಿತೆ.

"ನಾನು ಫೋನ್ ಮಾಡಿ ಹೇಳಿದ್ದೆ ಡಾಕ್ಟ್ರೇ. ಮಾವನ ಜಾಗಕ್ಕೆ ದೊಡ್ಡಸೊಸೆ ಬಂದಿದ್ದಾಳೆ ಅಂತ."

ಡಾಕ್ಟರು ಕಣ್ಣು ಕಿರಿದು ಮಾಡಿದರು. "ಅದು ನಿಮ್ಮ ಮನೆ ವಿಷಯ ಅಲ್ವಾ?"

"ನೀವು 'ಒಳ್ಳೇದಾಯ್ತು, ಹೊಂದ್ಕೊಂಡು ಹೋಗಿ' ಅಂದು ಇಟ್ಟುಬಿಟ್ರಿ. ನಾನೂ ಸರಿ, ಮೀನಿಗೂ ಹಾಗೇ ಹೇಳ್ತೀನಿ ಅಂದ್ಕೊಂಡೆ."

ಮೈದುನ ನಕ್ಕ. "ಅತ್ತಿಗೆ, ಹೆಣ್ಣು ಗಂಡಾಗೋಕೆ ಇದೇನು ನಾಟಕವಾ? ಒಂದು ಸತ್ತುಹೋಯ್ತು, ಹೆದರಿ ಯಾವುದೋ ತಂದು ಬಿಟ್ಟೆ ಅಂತ ಒಪ್ಕೊಂಬಿಡಿ. ಡಾಕ್ಟ್ರು ದೊಡ್ಡ ಮನಸ್ಸಿನವರು."

"ಒಪ್ಕೊಂಡರೆ ನಾಳೆ ಬಕೆಟ್ ಹಿಡ್ಕೊಂಡು ಬರೋನು ನೀನು ತಾನೇ?"

"ಮೂರು ಮನೆಯವರಿಗೆ ಆಗ್ಲೇ ವಿಷಯ ಹೇಳಿದೀನಿ" ಎಂದರು ಡಾಕ್ಟರು, ನನ್ನ ಮುಖ ನೋಡದೆ. "ಅವರೂ ಕೀ ಕೊಟ್ಟಿದ್ದಾರಲ್ಲ, ಗೊತ್ತಿರಲಿ ಅಂತ."

ನನ್ನ ತಲೆ ಕಾದ ಕಾವಲಿಯಾಯಿತು. ಕಳ್ಳಿ ಎಂಬ ಹೆಸರು ಮೂರು ಮನೆಗೆ ಹೋಗಿತ್ತು. ಮಿಕ್ಕ ಮನೆಗಳಿಗೆ ಹೋಗಲು ಎಷ್ಟು ಹೊತ್ತು? ಆದರೂ ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತೆ.

"ಆರೂವರೆಗೆ ತೊಟ್ಟಿ ದೀಪ ಆರುತ್ತೆ. ಅಲ್ಲಿವರೆಗೆ ನಾನು ಏಳಲ್ಲ. ನಿಮ್ಮ ಹಳೇ ವಿಡಿಯೋ ತೆಗೀರಿ ಡಾಕ್ಟ್ರೇ, ಬಾಯಿ ಕಳೆದು ಮಲಗಿದ ರೋಗಿಗಳಿಗೆಲ್ಲ ತೋರಿಸ್ತೀರಲ್ಲ, ಮೀನು ಮಲಗೋದು, ಅದು."

ಅವರಿಗೆ ನೆನಪಾಯಿತು. ಈ ಮೀನುಗಳು ಕತ್ತಲಾಗುತ್ತಲೇ ಮರಳಲ್ಲಿ ಹೂತು ಮಲಗುತ್ತವೆ, ಪ್ರತಿಯೊಂದೂ ತನ್ನದೇ ಜಾಗದಲ್ಲಿ. ದೊಡ್ಡಸೊಸೆಯದು ಎಡಮೂಲೆ, ಒಡೆದ ಚಿಪ್ಪಿನ ಪಕ್ಕ. ಎರಡು ವರ್ಷದ ಹಿಂದೆ ಪಂಪಿನ ಜಾಲರಿಗೆ ಸಿಕ್ಕಿ ಅವಳ ಬಾಲ ಬಲಕ್ಕೆ ಸೊಟ್ಟಗಾಗಿತ್ತು. ಎಷ್ಟು ಹೂತುಕೊಂಡರೂ ಬಾಲದ ತುದಿ ಹೊರಗೇ ಉಳಿಯುತ್ತಿತ್ತು.

ದೀಪ ಆರಿತು. ಮೂವರು ಸೊಸೆಯರು ಮರಳಲ್ಲಿ ಮಾಯವಾದರು. ಹಸಿರು ಗಂಡು ಮೂರು ಸುತ್ತು ಹೊಡೆದು ಎಡಮೂಲೆಗೆ ಬಂತು. ಚಿಪ್ಪಿನ ಪಕ್ಕ ತಲೆ ತೂರಿಸಿ ನುಗ್ಗಿತು. ಬಾಲದ ತುದಿ ಬಲಕ್ಕೆ ಬಾಗಿ ಹೊರಗೆ ನಿಂತಿತು. ಡಾಕ್ಟರು ಫೋನನ್ನು ಗಾಜಿಗೆ ಹಿಡಿದು ಅದನ್ನೊಮ್ಮೆ, ಇದನ್ನೊಮ್ಮೆ ನೋಡಿದರು.

"ಸೊಟ್ಟ ಬಾಲದ್ದೇ ಹುಡುಕಿ ತಂದಿರ್ತಾರೆ" ಎಂದ ಮೈದುನ.

"ನೀನೂ ಒಂದು ಹುಡುಕಿ ತಾ. ಯಾವ ಮೂಲೇಲಿ ಮಲಗಬೇಕು ಅಂತ ಪಾಠನೂ ಹೇಳ್ಕೊಡು."

ಡಾಕ್ಟರು ಕೀ ಎತ್ತಿ ನನ್ನ ಕಡೆ ಚಾಚಿದರು. "ಆಗಿದ್ದಾಗಿ ಹೋಯ್ತು ಬಿಡಿ. ಮಂಗಳವಾರ ಬನ್ನಿ."

ನಾನು ಕೈ ಕಟ್ಟಿಕೊಂಡೆ.

"ಮೂರು ಮನೆಗೆ ಫೋನ್ ಮಾಡಿ. ನನ್ನ ಮುಂದೆ. ಸ್ಪೀಕರ್ ಹಾಕಿ."

"ಈಗಲೇ?"

"ಕಳ್ಳಿ ಅನ್ನೋಕೆ ಮಂಗಳವಾರದವರೆಗೆ ಕಾದಿದ್ರಾ?"

ಮಾಡಿದರು. ಮೊದಲ ಮನೆಗೆ ಬಾಯಲ್ಲೇ ಗೊಣಗಿದರು, ನಾನು "ಜೋರಾಗಿ" ಎಂದೆ. ಎರಡನೆಯದಕ್ಕೆ ತಪ್ಪು ತಮ್ಮದೆಂದರು. ಮೂರನೆಯವರು, "ಹಾಗಾದರೆ ಅದು ಗಂಡಾಗಿದ್ದು ನಿಜವಾ?" ಎಂದು ಕೇಳಿದರು.

"ನಿಜ" ಎಂದರು ಡಾಕ್ಟರು. "ಅವರು ನನಗೆ ಮೊದಲೇ ಹೇಳಿದ್ದರು."

ಆಗ ಕೀ ತೆಗೆದುಕೊಂಡು ಸೆರಗಿಗೆ ಗಂಟು ಹಾಕಿದೆ. ನಾನು ತಂದ ಉಪ್ಪುನೀರಿನ ಕ್ಯಾನು ಬಾಗಿಲಲ್ಲೇ ಇತ್ತು. ಮೈದುನ ಅದರ ಹಿಡಿಗೆ ಕೈ ಹಾಕಿ, "ಭಾರ ಇದೆ ಅತ್ತಿಗೆ, ನಾನು ತರ್ತೀನಿ" ಎಂದ.

"ಐದು ವರ್ಷದಿಂದ ಭಾರ ಇದೆ" ಎಂದೆ. "ಕೈ ತೆಗಿ."