ರತ್ನಮ್ಮನ ಚೀಲದ ಗುಟ್ಟು

ಅಹಮದಾಬಾದಿನ ಮಣಿನಗರದ ಆ ವಸತಿ ಸೊಸೈಟಿಯಲ್ಲಿ ಬೆಳಗಾದರೆ ಸಾಕು, ತರಕಾರಿ ಗಾಡಿ ಗೇಟಿನ ಮುಂದೆಯೇ ಬಂದು ನಿಲ್ಲುತ್ತದೆ. ಹೀಗಿರುವಾಗ ರತ್ನಮ್ಮ ದಿನಾ ನಸುಕಿನಲ್ಲೇ ಬಟ್ಟೆ ಚೀಲ ಹಿಡಿದು ಹೋಗುವುದೆಲ್ಲಿಗೆ? ಅಷ್ಟು ಹೊತ್ತು ಬಿಟ್ಟು ಬಂದು ಒಂದು ಸೋರೆಕಾಯಿ ತಂದಿಡುವುದೇಕೆ? ಗಂಡ ಲಿಂಗರಾಜನ ತಲೆಯಲ್ಲಿ ಈ ಹುಳ ಹೊಕ್ಕಿತ್ತು.

ಲಿಂಗರಾಜ ದಾವಣಗೆರೆ ಕಡೆಯವನು. ರೈಲ್ವೆಯಲ್ಲಿ ಕೆಲಸ, ವರ್ಗವಾಗಿ ಅಹಮದಾಬಾದಿಗೆ ಬಂದಿದ್ದ. ಮೊದಲೇ ಗುಮಾನಿಯ ಮನುಷ್ಯ. ಹಾಲಿನವನು ಅಳೆದು ಹಾಕುವಾಗಲೂ ಬಗ್ಗಿ ನೋಡುತ್ತಿದ್ದ. ಫ್ರಿಜ್ ತೆರೆದಾಗ ಸೋರೆಕಾಯಿ ಉರುಳಿ ಕಾಲ ಮೇಲೆ ಬಿದ್ದ ದಿನ ಕೇಳಿಯೇಬಿಟ್ಟ.

"ಏನೇ ಇದು, ಅಂಗಡಿ ಇಡ್ತೀಯೇನು?"

"ತಾಜಾ ಸಿಕ್ತು, ತಂದೆ."

"ಗೇಟ್ ಹತ್ರ ಸಿಗಲ್ವಾ?"

"ಅವನು ತೂಕದಾಗೆ ಮೋಸ ಮಾಡ್ತಾನೆ ಕಣ್ರೀ," ಎಂದು ರತ್ನಮ್ಮ ಮುಖ ತಿರುಗಿಸಿ ಒಳಗೆ ಹೋದಳು.

ಪಾಪ, ಗಾಡಿಯವನು ಯಾರಿಗೂ ಮೋಸ ಮಾಡಿದವನಲ್ಲ. ವಿಷಯವೇ ಬೇರೆ ಇತ್ತು. ರತ್ನಮ್ಮನಿಗೆ ಶುಗರ್. "ದಿನಾ ನಿಲ್ಲದೆ ಬಿರುಸಾಗಿ ನಡೀರಿ. ಮುಂದಿನ ಸಲವೂ ಇಳೀದಿದ್ರೆ ಇನ್ಸುಲಿನ್ ಶುರು ಮಾಡಬೇಕಾಗುತ್ತೆ," ಎಂದಿದ್ದರು ಡಾಕ್ಟರು. ಇದೇ ಕಾಯಿಲೆ ಬಲಿತು ಅವಳ ತಾಯಿ ಒಂದು ಪಾದ ಕಳೆದುಕೊಂಡಿದ್ದರು. ಆ ಬ್ಯಾಂಡೇಜು ಸುತ್ತಿದ ಕಾಲು ರತ್ನಮ್ಮನ ಕಣ್ಣಿಂದ ಹೋಗಿರಲಿಲ್ಲ. ನನಗೂ ಹಾಗೇ ಆದರೆ ಎಂಬ ಭಯ ಅವಳಿಗೆ.

ನಡೆಯಲು ಹತ್ತಿರದಲ್ಲೇ ಪಾರ್ಕ್ ಇತ್ತು. ಆದರೆ ಮೊದಲ ದಿನವೇ ಬೆಂಚಿನ ಮೇಲಿದ್ದ ಇಬ್ಬರು ಗಂಡಸರು, "ಸಂಭಾಲೋ, ಭೂಕಂಪ್ ಆಯಾ!" ಹುಷಾರು, ಭೂಕಂಪ ಬಂತು, ಎಂದು ನಕ್ಕಿದ್ದರು. ಅಂದಿನಿಂದ ಅವಳಿಗೆ ಎಲ್ಲರ ಮೇಲೂ ಅನುಮಾನ. ಫೋನ್ ಹಿಡಿದವನು ನನ್ನ ಫೋಟೊ ತೆಗೆದನೇ? ಆ ಹೆಂಗಸರು ಪಿಸುಗುಟ್ಟಿದ್ದು ನನ್ನ ಸೊಂಟದ ಬಗ್ಗೆಯೇ? ಎಲ್ಲರಿಗಿಂತ ಹೆಚ್ಚಿನ ಅನುಮಾನ ಎದುರುಮನೆಯ ಗುಜರಾತಿ ಹೆಂಗಸು ಜಯಂತಿಬೆನ್ ಮೇಲೆ. ಆಕೆ ಬೆಳಗಾದರೆ ವರಾಂಡದ ಉಯ್ಯಾಲೆಯಲ್ಲಿ ಕೂತಿರುತ್ತಿದ್ದಳು. ರತ್ನಮ್ಮ ಹೊರಟರೆ ಉಯ್ಯಾಲೆ ನಿಲ್ಲಿಸಿ, ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು. "ರೋಜ್ ಸಬ್ಜಿ?" ದಿನಾ ತರಕಾರಿಯೇ, ಎಂದು ಒಮ್ಮೆ ಕೇಳಿಯೂ ಇದ್ದಳು. ಇವಳಿಗೆ ಗೊತ್ತಾಗಿದೆ, ಒಳಗೊಳಗೇ ನಗುತ್ತಿದ್ದಾಳೆ ಎಂದು ರತ್ನಮ್ಮ ಹಲ್ಲು ಕಡಿದಳು.

ಚೀಲ ಹುಟ್ಟಿಕೊಂಡದ್ದು ಹೀಗೆ. ಬರಿಗೈಯಲ್ಲಿ ಸುತ್ತುವ ದಪ್ಪ ಹೆಂಗಸನ್ನು ಜನ ನೋಡುತ್ತಾರೆ. ಚೀಲ ಹಿಡಿದವಳು ತರಕಾರಿಗೆ ಹೊರಟವಳು, ಅವಳನ್ನು ಯಾರು ಕೇಳುತ್ತಾರೆ? ಬರುವಾಗ ಚೀಲ ಖಾಲಿ ಇರಬಾರದೆಂದು ಒಂದು ಸೋರೆಕಾಯಿ.

ಇತ್ತ ಲಿಂಗರಾಜನಿಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು ಹೆಂಡತಿಯ ಹಿಂದೆಯೇ ಹೊರಟ. ಅವಳು ಮಾರ್ಕೆಟ್ಟಿನ ಕಡೆಗೆ ತಿರುಗಲೇ ಇಲ್ಲ. ನೇರ ಪಾರ್ಕಿಗೆ ನುಗ್ಗಿದಳು. ಲಿಂಗರಾಜ ಬೇವಿನ ಮರದ ಹಿಂದೆ ನಿಂತ.

ರತ್ನಮ್ಮ ಸ್ವಲ್ಪ ದೂರ ನಡೆದಳು. ಬೆಂಚಿನವರು ಏನೋ ಅಂದು ನಕ್ಕರು. ತಕ್ಷಣ ಅವಳು ನಿಂತು, ಖಾಲಿ ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ಮತ್ತೆ ನಡೆದಳು. ಯಾರೋ ಎದುರು ಬಂದರು. ಮತ್ತೆ ಚೀಲದೊಳಗೆ ಕೈ.

ಅವಳು ಸುತ್ತಿ ಬೇವಿನ ಮರದ ಹತ್ತಿರ ಬಂದಾಗ, ಓಡುತ್ತ ಬಂದ ಹುಡುಗಿಯೊಬ್ಬಳು ಅವಳ ಪಕ್ಕ ನಿಂತಳು. ಮೇಲಿನ ಮನೆಯಲ್ಲಿ ಬಾಡಿಗೆಗಿರುವ, ಕಂಪನಿ ಕೆಲಸದ ಮೈಸೂರಿನ ಅಪೂರ್ವಾ.

"ಆಂಟಿ, ಪಾರ್ಕಿಗೆ ಚೀಲ ಯಾಕೆ?"

ರತ್ನಮ್ಮ ತಡವರಿಸಿದಳು. ಆಮೇಲೆ ಎಲ್ಲ ಹೇಳಿಬಿಟ್ಟಳು. "ಎಲ್ಲಾರೂ ನನ್ನೇ ನೋಡಿ ನಗ್ತಾರಮ್ಮ."

"ಎಲ್ಲರೂ ಅಲ್ಲ ಆಂಟಿ. ಆ ಬೆಂಚಿನವರು ಅಂದಿದ್ದು ನಿಜ, ನಾನೂ ಕೇಳಿಸ್ಕೊಂಡೆ. ಆದ್ರೆ ಅಲ್ಲಿ ವ್ಯಾಯಾಮಕ್ಕೆ ಅಂತ ಚಪ್ಪಾಳೆ ತಟ್ತಿರೋ ತಾತ ನಿಮ್ಮನ್ನ ನೋಡೇ ಇಲ್ಲ. ಆ ಬೆಂಚಿನವರು ನನಗೂ ಅಂತಾರೆ. ಓಡಿದ್ರೆ 'ಬಸ್ ಹೋಯ್ತು, ಬಸ್ ಹೋಯ್ತು' ಅಂತ ಕೂಗೋರು. ಅತ್ಕೊಂಡು ಮನೆಗೆ ಹೋಗಿದ್ದೀನಿ. ಆಮೇಲೆ ಅನ್ನಿಸ್ತು, ನಾನು ಮನೇಲಿ ಕೂತ್ರೆ ಅವರು ಇನ್ಯಾರಿಗೋ ಅಂತಾರೆ, ನಿಲ್ಲೋದು ನನ್ನ ಓಟ ಮಾತ್ರ."

"ಮತ್ತೆ ಏನ್ ಮಾಡ್ಲಿ?"

"ನಿಲ್ಲಬೇಡಿ, ಅಷ್ಟೇ. ಹೀಗೆ ನಿಂತು ನಿಂತು ಹೋದ್ರೆ ಶುಗರ್ ಹೇಗೆ ಇಳಿಯುತ್ತೆ? ಜೊತೆಗೆ ಒಬ್ಬರನ್ನ ಕರ್ಕೊಂಡು ಬನ್ನಿ. ಬರೀ ಮಾತಾದ್ರೆ ಕಿವಿಗೆ ಹಾಕ್ಕೋಬೇಡಿ. ಹಿಂದೆ ಬಿದ್ರೆ, ಫೋಟೊ ತೆಗೆದ್ರೆ ಮಾತ್ರ ಸುಮ್ನಿರಬೇಡಿ. ಕಾವಲಿನವರನ್ನ ಕರೀರಿ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ."

ರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬೆಂಚಿನವರು ಹಾಳಾಗಿ ಹೋಗ್ಲಿ. ನಮ್ಮ ಯಜಮಾನ್ರೇ ಅಂದ್ರಲ್ಲಮ್ಮ, ಈ ಮೈ ಹೊತ್ಕೊಂಡು ಪಾರ್ಕ್ ಸುತ್ತಿದ್ರೆ ನನ್ನ ಮರ್ಯಾದೆ ಏನಾಗ್ಬೇಕು ಅಂತ. ಹೊರಗಿನೋರು ಅಂದ್ರೆ ಮನೆಗೆ ಓಡಬೋದು. ಮನೆಯೋರೇ ಅಂದ್ರೆ ಎಲ್ಲಿಗೆ ಓಡ್ಲಿ?"

ಮರದ ಹಿಂದಿದ್ದವನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಆ ಮಾತನ್ನು ಅವನು ಊಟಕ್ಕೆ ಕೂತಾಗ ಅಂದಿದ್ದ, ಅಂದು ಮರೆತೂಬಿಟ್ಟಿದ್ದ. ಮಫ್ಲರ್ ಬಿಚ್ಚಿ ಈಚೆ ಬಂದ.

"ನೀವು ನನ್ನ ಹಿಂದೆ ಬಂದ್ರಾ?" ರತ್ನಮ್ಮ ಹೌಹಾರಿದಳು.

"ಬಂದೆ. ತಪ್ಪಾಯ್ತು ಕಣೇ. ಅವತ್ತು ಅಂದಿದ್ದೂ ತಪ್ಪು." ಅವನು ಕೈ ಚಾಚಿದ. "ಅತ್ತೆಯ ಕಾಲು ನಾನೂ ನೋಡಿದ್ದೀನಿ. ನೀನು ನಡಿ. ಕೊಡು ಆ ಚೀಲ ಇಲ್ಲಿ."

ಮರುದಿನ ಬೆಳಿಗ್ಗೆ ಲಿಂಗರಾಜನೇ ಚೀಲ ಹಿಡಿದು ಗೇಟಿನ ಗಾಡಿಗೆ ಹೋದ. ಸೋರೆಕಾಯಿಯ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ. ರತ್ನಮ್ಮ ಬರಿಗೈಯಲ್ಲಿ ಮೆಟ್ಟಿಲಿಳಿದಳು. ಎದುರಿಗೆ ಜಯಂತಿಬೆನ್ ಎಂದಿನಂತೆ ಉಯ್ಯಾಲೆ ನಿಲ್ಲಿಸಿ ನೋಡಿದಳು. ನೋಡಿದವಳು ಎದ್ದಳು. ಎದ್ದವಳು ನೇರ ಇವಳ ಬಳಿಗೇ ಬಂದಳು. ಈಗ ಏನನ್ನುತ್ತಾಳೋ ಎಂದು ರತ್ನಮ್ಮ ಸೆಟೆದು ನಿಂತಳು.

ಜಯಂತಿಬೆನ್ ಕೈಯಲ್ಲೂ ಒಂದು ಖಾಲಿ ಚೀಲವಿತ್ತು.

"ಮಂಡಿ ನೋವು. ಡಾಕ್ಟರು ನಡೆಯಲು ಹೇಳಿದ್ದಾರೆ," ಎಂದಳು ಹಿಂದಿಯಲ್ಲಿ, ದನಿ ತಗ್ಗಿಸಿ. "ಜನ ನಗುತ್ತಾರೆಂದು ನಾಚಿಕೆ. ನೀವು ಚೀಲ ಹಿಡಿದು ಪಾರ್ಕಿಗೆ ಹೋಗುವುದನ್ನು ದಿನಾ ನೋಡುತ್ತಿದ್ದೆ. ಉಪಾಯ ಚೆನ್ನಾಗಿದೆ ಅನ್ನಿಸಿತು. ಇವತ್ತು ನಿಮ್ಮ ಚೀಲ ಎಲ್ಲಿ?"

ರತ್ನಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಆ ಚೀಲ ಇಸಿದುಕೊಂಡು ಉಯ್ಯಾಲೆಯ ಮೇಲಿಟ್ಟಳು.

"ಬನ್ನಿ ಬೆನ್, ಹೋಗೋಣ," ಎಂದು ಕೈ ಹಿಡಿದಳು.

ಬೆಂಚಿನವರು ಅಂದೂ ಏನೋ ಅಂದರು. ಇಬ್ಬರೂ ನಿಲ್ಲಲಿಲ್ಲ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವು ಯಾವ ಚೀಲದ ಹಿಂದೆ ಅಡಗಿದ್ದೀರಿ? ಅದನ್ನು ಮನೆಯಲ್ಲಿಟ್ಟು ಹೊರಡಿ, ನಿಮ್ಮನ್ನೇ ನೋಡುತ್ತ ಕೂತವರನ್ನೂ ಒಮ್ಮೆ ಕರೆದು ನೋಡಿ. ನಿಮ್ಮ ಮನೆಯವರು ನಡೆಯಲು ಹೊರಟರೆ ಆಡಿಕೊಳ್ಳಬೇಡಿ, ಅವರ ಚಪ್ಪಲಿ ತೆಗೆದುಕೊಡಿ. ಅನ್ನುವವರು ಅನ್ನಲಿ, ನಾಳೆ ಬೆಳಿಗ್ಗೆ ನಿಮ್ಮ ಕಾಲು ನಿಲ್ಲದಿರಲಿ.