ಹಂಸದ ಕಣ್ಣು

“ರಾಣಿಗೆ ಸಿಟ್ಟು ಬಂದೈತ್ರಿ ಮಾಸ್ತರ್ರ. ವೈರಾಗ್ಯ ಅಲ್ಲ, ಏನಲ್ಲ,” ಎಂದಳು ಸೀತವ್ವ.

ಹನುಮಪ್ಪ ಹೊಲಿಗೆ ಮಿಷಿನ್ನು ನಿಲ್ಲಿಸಿ ತಲೆ ಎತ್ತಿದ. ಮಲಕಾಜಪ್ಪ ಮಾಸ್ತರರ ಮಾತಿಗೆ ಹೀಗೆ ಅಡ್ಡ ಹೇಳಿದವರನ್ನು ಅವನು ಇದುವರೆಗೆ ಕಂಡಿರಲಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮಾಸ್ತರರೆಂದರೆ ಬೈಲಹೊಂಗಲದ ಪೇಟೆಯಲ್ಲಿ ಅಂಗಡಿಕಾರರೂ ಎದ್ದು ನಿಲ್ಲುತ್ತಿದ್ದರು. ಅಂಥವರು ಪ್ರತಿ ಆದಿತ್ಯವಾರ ಮುಂಜಾನೆ ತಾವಾಗಿ ಈ ಓಣಿಗೆ ನಡೆದು ಬಂದು, ಹನುಮಪ್ಪನ ಪಡಸಾಲೆಯ ಬೆಂಚಿನ ಮೇಲೆ ಕೂತು, ಅವನ ಹೆಂಡತಿ ಸೀತವ್ವನಿಗೆ ಹಳಗನ್ನಡ ಓದಿಸುತ್ತಿದ್ದರು. ಅವನಿಗೆ ಅದೇ ಒಂದು ದೊಡ್ಡ ಹೆಮ್ಮೆ.

ಸೀತವ್ವ ನೇಸರಗಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ದಿನಾ ಬಸ್ಸಿಗೆ ಹೋಗಿ ಬರುವವಳು. ಕಾಲೇಜಿನ ಮೆಟ್ಟಿಲು ಹತ್ತದೆ ಹೊರಗಿನಿಂದಲೇ ಬಿ.ಎ. ಪರೀಕ್ಷೆಗೆ ಕೂಡ್ರುತ್ತೇನೆಂದು ಹಟ ಹಿಡಿದಿದ್ದಳು. ಅವರ ಓಣಿಯಲ್ಲಿ ಹೆಣ್ಣುಮಕ್ಕಳು ಹಾಗಿರಲಿ, ಗಂಡಸರೂ ಆ ಪರೀಕ್ಷೆಯ ಹೆಸರೆತ್ತಿದವರು ಕಡಿಮೆ. ಇಂಗ್ಲಿಷು, ಇತಿಹಾಸ ಎಲ್ಲ ಅವಳೇ ಓದಿಕೊಂಡಳು. ಕಾವ್ಯದ ಮುಂದೆ ಮಾತ್ರ ತಡವರಿಸಿದಳು. ಮಾಸ್ತರರನ್ನು ಕೇಳಿದಾಗ ಅವರು ಕೂಡಲೇ ಒಪ್ಪಿಕೊಂಡಿದ್ದರು.

ಈ ವಾರದ ಪಾಠ ಅರಸ ಕಾಡಿಗೆ ಹೊರಡುವ ಭಾಗ. ಕೂದಲಲ್ಲಿ ಒಂದು ನರೆ ಕಂಡದ್ದೇ ಅರಸನಿಗೆ ರಾಜ್ಯ ಬೇಸರವಾಗುತ್ತದೆ. ತಪಸ್ಸಿಗೆ ಹೋಗುವೆನೆಂದು ಹೇಳಲು ಅಂತಃಪುರಕ್ಕೆ ಬರುತ್ತಾನೆ. ರಾಣಿ ಗೋಡೆಯ ಮೇಲೆ ಜೋಡಿ ಹಂಸದ ಚಿತ್ರ ಬರೆಯುತ್ತಿರುತ್ತಾಳೆ. ಅರಸ ಮಾತಾಡುತ್ತಾನೆ, ಅವಳು ಬರೆಯುತ್ತಲೇ ಇರುತ್ತಾಳೆ. ಕೊನೆಗೆ ಅವನು ಹೊರಡುತ್ತಾನೆ. ಎರಡನೆಯ ಹಂಸಕ್ಕೆ ಕೊಕ್ಕು, ರೆಕ್ಕೆ, ಕಾಲು ಎಲ್ಲ ಮೂಡಿರುತ್ತವೆ, ಕಣ್ಣು ಮಾತ್ರ ಇಲ್ಲ. ಕವಿ ಅಲ್ಲಿಗೆ ಆ ಪ್ರಸಂಗ ಮುಗಿಸಿ ಕಾಡಿನ ವರ್ಣನೆಗೆ ಹೋಗಿಬಿಡುತ್ತಾನೆ.

“ಹಂಸ ಅಂದ್ರ ಆತ್ಮದ ಸಂಕೇತ ಬೇ,” ಎಂದು ಮಾಸ್ತರರು ಬಿಡಿಸಿ ಹೇಳಿದ್ದರು. “ಕಣ್ಣು ಬರೀಲಿಲ್ಲ ಅಂದ್ರ ಹೊರಗಿನ ನೋಟ ಮುಚ್ಚಿತು, ಒಳಗಿನ ನೋಟ ತೆರೀತು. ಗಂಡನ ವೈರಾಗ್ಯ ಅಕಿಗೂ ತಾಕಿತು. ಸುಮ್ಮನಿದ್ದಾಳ, ಅಂದ್ರ ಒಪ್ಪಿಕೊಂಡಾಳ. ಎಲ್ಲಾ ವ್ಯಾಖ್ಯಾನದಾಗೂ ಇದನ್ನ ಬರದಾರ.”

ಆಗಲೇ ಸೀತವ್ವ ಸಿಟ್ಟಿನ ಮಾತೆತ್ತಿದ್ದು.

ಹನುಮಪ್ಪನಿಗೆ ಸುಮ್ಮನಿರಲಾಗಲಿಲ್ಲ. “ಕೈ ನಡಗಿರಬೇಕ್ರಿ ಮಾಸ್ತರ್ರ. ಗಂಡ ಬಿಟ್ಟ ಹೊಂಟಾನಂದ್ರ ಯಾರಿಗರೆ ಕೈ ಸ್ಥಿರ ಇರತೈತಿ?” ಎಂದ.

“ಕೈ ನಡಗಿದ್ರ ರೆಕ್ಕಿ ಹ್ಯಾಂಗ ಬರೀತಿದ್ಲು?” ಸೀತವ್ವ ಪುಸ್ತಕವನ್ನು ಅವನ ಕಡೆ ತಿರುಗಿಸಿದಳು, ಅವನಿಗೆ ಓದಿದರೂ ತಿಳಿಯದೆಂಬುದನ್ನು ಮರೆತು. “ಇಲ್ಲಿ ನೋಡ್ರಿ. ಆತ ಮಾತಾಡಾಕ ಶುರು ಮಾಡಿದ ಮ್ಯಾಲ ಅಕಿ ಒಂದೊಂದ ಗರಿ ಬ್ಯಾರೆ ಬ್ಯಾರೆ ಬರದ್ಲು ಅಂತ ಕವಿ ಹೇಳ್ಯಾನ. ಕೈ ಗಟ್ಟಿ ಐತಿ. ಬೇಕಂತನ ಕಣ್ಣ ಬಿಟ್ಟಾಳ.”

“ಯಾಕ ಬಿಡಬೇಕು?” ಮಾಸ್ತರರು ಕನ್ನಡಕ ತೆಗೆದರು.

“ಅರಸ ಇಷ್ಟ ಪದ್ಯದಾಗ ಮಾತಾಡ್ಯಾನಲ್ರಿ, ಒಂದರಾಗೂ ಪ್ರಶ್ನಿ ಇಲ್ಲ. ಹೋಗತೇನಿ ಅಂದಾನ. ಹೋಗಲೇನು ಅಂತ ಎಲ್ಲೂ ಕೇಳಿಲ್ಲ. ಕೇಳಲಾರದ್ದಕ್ಕ ಅಕಿ ಏನಂತ ಉತ್ತರ ಕೊಡಬೇಕ್ರಿ? ಆತಗ ತನ್ನ ಬಿಳಿಗೂದಲ ಕಂಡಿತು, ಎದುರಿಗಿದ್ದಾಕಿ ಕಾಣಲಿಲ್ಲ. ಅದಕ ಅಕಿ ಹಂಸಕ್ಕ ಕಣ್ಣ ಇಡಲಿಲ್ಲ.”

ಮಾಸ್ತರರು ಆ ಪದ್ಯಗಳನ್ನು ತುಟಿ ಅಲುಗಿಸುತ್ತ ಮತ್ತೊಮ್ಮೆ ಓದಿಕೊಂಡರು. ಪ್ರಶ್ನೆ ಹುಡುಕುತ್ತಿದ್ದರೇನೋ. ಸಿಕ್ಕಂತೆ ಕಾಣಲಿಲ್ಲ. ಆದರೂ ಅವರು ಸೋಲುವ ಕುಳವಲ್ಲ.

“ನೀ ಹೇಳೂದು ತಪ್ಪು ಸೀತವ್ವ,” ಎಂದು ಎದ್ದರು. “ಆ ಕಾಲದ ಕವಿ ಹಂಗ ವಿಚಾರ ಮಾಡಾಕ ಸಾಧ್ಯ ಇಲ್ಲ. ಆದ್ರ ಚಂದ ತಪ್ಪು. ಪರೀಕ್ಷಾದಾಗ ಮಾತ್ರ ಇದನ್ನ ಬರೀಬ್ಯಾಡ. ಪೇಪರ ನೋಡಾವ್ರು ನನ್ನಂಥ ಮುದುಕರ ಇರತಾರ.” ಚಪ್ಪಲಿ ಮೆಟ್ಟಿಕೊಳ್ಳುವಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡವರ ಹಾಗಿದ್ದರು.

ಸೀತವ್ವ ಒಲೆ ಹೊತ್ತಿಸಲು ಒಳಗೆ ಹೋದಳು. ಹನುಮಪ್ಪ ಮತ್ತೆ ಹೊಲಿಯಲು ಕೂತ. ಸೂಜಿ ಬಟ್ಟೆಯ ಮೇಲೆ ಓಡುತ್ತಿತ್ತು, ಮನಸ್ಸು ಎಲ್ಲೋ ಸಿಕ್ಕಿಕೊಂಡಿತ್ತು.

ಹೋದ ವಾರ ಅವನೂ ಒಂದು ಮಾತು ಹೇಳಿದ್ದ. ಗೆಳೆಯ ಅಂದಾನೆಪ್ಪ ರಾಮದುರ್ಗದಲ್ಲಿ ಬಸ್‌ಸ್ಟ್ಯಾಂಡಿನ ಎದುರಿಗೇ ಅಂಗಡಿ ಹಿಡಿದಿದ್ದ. ಬಟ್ಟೆ ಅವನದು, ಹೊಲಿಗೆ ಹನುಮಪ್ಪನದು, ಇಬ್ಬರೂ ಕೂಡಿ ನಡೆಸುವುದೆಂದು ಮಾತಾಗಿತ್ತು. ಗಾಜಿನ ಕಪಾಟು, ಬಣ್ಣದ ಬೋರ್ಡು, ಬೋರ್ಡಿನಲ್ಲಿ ತನ್ನ ಹೆಸರು. ಹನುಮಪ್ಪ ಅದನ್ನೆಲ್ಲ ಕಣ್ಣು ಮುಚ್ಚಿದರೆ ಕಾಣುತ್ತಿದ್ದ. “ನಿನ್ನ ಪರೀಕ್ಷಾ ಮುಗಿದ ಕೂಡಲೇ ಹೊಂಡೂದು. ಸಾಲಿ ವರ್ಗ ಮಾಡಿಸಿಕೊಂಡರಾತು,” ಎಂದು ಹೆಂಡತಿಗೆ ಹೇಳಿದ್ದ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತಲೇ ಇದ್ದಳು. ಒಪ್ಪಿದಳೆಂದುಕೊಂಡು ಅವನು ಅಂದಾನೆಪ್ಪನಿಗೆ ಹೂಂ ಎಂದು ಹೇಳಿ ಕಳಿಸಿದ್ದ.

ತಾನಾಡಿದ ಮಾತನ್ನು ಹನುಮಪ್ಪ ಹಿಂದುಮುಂದಾಗಿ ನೆನೆಸಿಕೊಂಡ. ಅದರಲ್ಲೂ ಪ್ರಶ್ನೆ ಇರಲಿಲ್ಲ. ಕುಬಸದ ತೋಳು ತಿರುವುಮುರುವಾಗಿ ಕೂಡಿತ್ತು. ಬಿಚ್ಚಿ ಮತ್ತೆ ಹೊಲಿದ.

ಕೇಳಬೇಕೆಂದುಕೊಂಡರೂ ಆ ದಿನವಿಡೀ ಬಾಯಿ ಬರಲಿಲ್ಲ. ಉಣ್ಣುವಾಗ ಉಪ್ಪು ಕೇಳಿದ, ನೀರು ಕೇಳಿದ, ಅದೊಂದನ್ನು ಬಿಟ್ಟು ಎಲ್ಲ ಕೇಳಿದ. ಮರುದಿನ ಮುಂಜಾನೆ ಸೀತವ್ವ ಬಸ್ಸಿಗೆ ಹೊರಟಾಗ, ಯಾವತ್ತೂ ಇಲ್ಲದ್ದು, ತಾನೂ ಅಂಗಿ ತೊಟ್ಟು ಜೊತೆಗೆ ನಡೆದ. “ಎಲ್ಲಿಗ್ರಿ?” ಎಂದರೆ “ಹಿಂಗ, ದಾರ ತರಾಕ,” ಎಂದ. ಬಸ್‌ಸ್ಟ್ಯಾಂಡಿನಲ್ಲಿ ಮೆಣಸಿನಕಾಯಿ ಚೀಲ, ಬುಟ್ಟಿ, ಕೋಳಿ, ಕಂಡಕ್ಟರನ ಕೂಗು. ನೇಸರಗಿ ಬಸ್ಸು ಗುರ್ರೆನ್ನುತ್ತ ನಿಂತಿತ್ತು. ಸೀತವ್ವ ಹತ್ತಿ ಕಿಟಕಿಯ ಬದಿ ಕೂತಳು. ಇನ್ನು ಹೊರಡುತ್ತದೆ ಎನ್ನುವಾಗ ಹನುಮಪ್ಪ ಕಿಟಕಿಯ ಸರಳು ಹಿಡಿದ.

“ಸೀತವ್ವಾ, ರಾಮದುರ್ಗಕ್ಕ ಹೋಗೂಣೇನು?”

“ಅಂ?”

“ರಾಮದುರ್ಗ! ನಿನಗ ಮನಸೈತೇನು?” ಎಂದು ಅವನು ಇಂಜಿನ್ನಿನ ಸದ್ದಿಗೂ ಮೇಲೆ ಕೂಗಿದ. ಬುಟ್ಟಿ ಹೊತ್ತ ಇಬ್ಬರು ಹೆಂಗಸರು ತಿರುಗಿ ನೋಡಿದರು.

ಸೀತವ್ವ ಅವನನ್ನೇ ನೋಡಿದಳು. ಮೊದಲು ಅರ್ಥವಾಗದವಳ ಹಾಗೆ, ಆಮೇಲೆ ಎಲ್ಲ ಅರ್ಥವಾದವಳ ಹಾಗೆ. ಬಸ್ಸು ಅಲುಗಿತು. “ಪರೀಕ್ಷಾ ಆಗಲ್ರಿ,” ಎಂದಳು. “ವಿಚಾರ ಮಾಡಿ ಹೇಳತೇನಿ.” ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ, ಧೂಳಿಗೋ, ಅವನಿಗೆ ತಿಳಿಯಲಿಲ್ಲ.

ಹೂಂ ಅನ್ನುತ್ತಾಳೆ, ಇಲ್ಲವೇ ಬೇಡ ಅನ್ನುತ್ತಾಳೆ ಎಂದು ಅವನು ಎಣಿಸಿದ್ದ. ವಿಚಾರ ಮಾಡಿ ಹೇಳುತ್ತಾಳೆಂಬುದು ಅವನ ಲೆಕ್ಕದಲ್ಲೇ ಇರಲಿಲ್ಲ.

ಸಂತೆಯ ದಿನ ಅಂದಾನೆಪ್ಪ ಖುದ್ದಾಗಿ ಬಂದ. ಕಪಾಟಿಗೆ ಬಡಿಗನನ್ನು ಕರೆಸಿದ್ದೇನೆ, ಅಳತೆ ಹೇಳು ಎಂದ. ಹನುಮಪ್ಪ ಅವನನ್ನು ಕೂಡ್ರಿಸಿ, ಚಹಾ ಕುಡಿಸಿ, ಆಮೇಲೆ ಹೇಳಿದ.

“ಸ್ವಲ್ಪ ತಡಿ ಮಾರಾಯ. ನಮ್ಮಾಕಿನ್ನ ಕೇಳೇನಿ. ಪರೀಕ್ಷಾ ಮುಗಸಿ ಹೇಳತೇನಿ ಅಂದಾಳ.”

“ಹೂಂ ಅಂತ ಹೇಳಿ ಕಳಿಸಿದ್ದೆಲ್ಲೋ?”

“ಅದು ನಂದು ಹೂಂ ಆಗಿತ್ತು.”

ಅಂದಾನೆಪ್ಪ ದೊಡ್ಡದಾಗಿ ನಕ್ಕ. “ಅಂಗಡಿ ಇಡಾಂವ ನೀನೋ ಅಕಿನೋ? ಹಿಂಗಾದ್ರ ನಾ ಬ್ಯಾರೆ ಟೇಲರ್ ನೋಡಬೇಕಾಕ್ಕೈತಿ ನೋಡು.”

“ನೋಡೂದಾದ್ರ ನೋಡು,” ಎಂದ ಹನುಮಪ್ಪ. ಒಳಗೆ ಜೋಳ ಹಸನು ಮಾಡುತ್ತಿದ್ದ ಸೀತವ್ವನ ಮೊರದ ಸದ್ದು ನಿಂತದ್ದು ಅವನಿಗೆ ಕೇಳಿಸಿತ್ತು. ಅವತ್ತು ಊಟಕ್ಕೆ ಅವನಿಗೆ ಮೆಚ್ಚಿನ ಪುಂಡಿಪಲ್ಯ ಇತ್ತು.

ಪರೀಕ್ಷೆ ಏಪ್ರಿಲ್ ಬಿಸಿಲಿನಲ್ಲಿ, ಧಾರವಾಡದಲ್ಲಿ. ಕಾವ್ಯದ ಪೇಪರಿನ ದಿನ ಹನುಮಪ್ಪ ಹೊಲಿಗೆ ಬಿಟ್ಟು ಜೊತೆಗೆ ಹೋದ. ಅವಳು ಒಳಗೆ ಬರೆಯುವಷ್ಟು ಹೊತ್ತು ಬೇವಿನ ಮರದ ಕೆಳಗೆ ಕೂತು ಬರುವ ಹೋಗುವವರ ಅಂಗಿಯ ಕಾಲರು ನೋಡುತ್ತಿದ್ದ. ಗಂಟೆ ಬಾರಿಸಿದ ಮೇಲೆ ಎಲ್ಲರೂ ಹೊರಗೆ ಬಂದರು. ಅವಳು ಕೊನೆಗೆ ಬಂದಳು, ಬೆರಳಿಗೆಲ್ಲ ಮಸಿ ಮಾಡಿಕೊಂಡು.

“ರಾಣಿ ಬಂದಿದ್ಲೇನು?” ಎಂದು ಕೇಳಿದ.

“ಬಂದಿದ್ಲರಿ. ರಾಣಿಯ ಪಾತ್ರ ವಿಮರ್ಶಿಸಿರಿ ಅಂತ.”

“ಮಾಸ್ತರ್ರು ಹೇಳಿದಂಗ ಬರದೇನು?”

“ಅವರು ಹೇಳಿದ್ದನ್ನ ಮೊದಲ ಬರದೆ. ಆಮ್ಯಾಲ, ನನಗ ಹಿಂಗ ಅನಸ್ತೈತಿ ಅಂತ ನಂದೂ ಬರದೆ.” ಅವಳು ಬೇವಿನ ಕಟ್ಟೆಯ ಮೇಲೆ ಕೂತು ಉಸಿರು ಬಿಟ್ಟಳು. “ಫೇಲ್ ಆದ್ರ ಬೈಬ್ಯಾಡ್ರಿ.”

“ಯಾರ ಬೈತಾರ?”

ಅವಳು ಬೆರಳಿನ ಮಸಿ ತಿಕ್ಕುತ್ತ ಹೇಳಿದಳು. “ರಾಮದುರ್ಗ ಬ್ಯಾಡ್ರಿ, ಈಗ. ನೇಸರಗ್ಯಾಗ ನಾ ಅಕ್ಷರ ತಿದ್ದಿಸಿದ ಹುಡುಗ್ಯಾರು ಈಗ ನಾಕನೇತ್ತಿಗೆ ಬಂದಾವು. ದಿನಾ ಅವರ ಮನಿಗೆ ಹೋಗಿ ಕರಕೊಂಡ ಬರತೇನಿ ಅಂತ ಅವರ ಅವ್ವ ಅಪ್ಪ ಕಳಸ್ತಾರ. ನಾ ಬಿಟ್ಟ ಹೋದ್ರ ಸಾಲಿ ಬಿಡಸ್ತಾರ. ಏಳನೇತ್ತಿ ಮುಗಸೂತನಾ ಇಲ್ಲೇ ಇರೂಣು. ನೀವು ಹೋಗಬೇಕಂದ್ರ ಹೋಗ್ರಿ, ನಾ ಅಡ್ಡ ಬರೂದಿಲ್ಲ. ಕೇಳಿದ್ರಲ್ಲ, ಅದಕ ಹೇಳಿದೆ.”

ಹನುಮಪ್ಪನ ಕಣ್ಣ ಮುಂದೆ ಗಾಜಿನ ಕಪಾಟು ಒಮ್ಮೆ ಬಂದು ಹೋಯಿತು. ಅದರ ಆಸೆ ಬಿಟ್ಟಿತ್ತೆಂದರೆ ಸುಳ್ಳಾದೀತು. ಆದರೆ ಆ ನಾಲ್ಕನೆಯ ತರಗತಿಯ ಹುಡುಗಿಯರ ಸುದ್ದಿ ಅವನು ಕೇಳಿದ್ದು ಅದೇ ಮೊದಲು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಇವಳು ಮುಂಜಾನೆ ಒಂದು ಬಸ್ಸು ಮೊದಲೇ ಯಾಕೆ ಹೋಗುತ್ತಾಳೆಂದು ಅವನು ಕೇಳಿರಲಿಲ್ಲ.

“ನಾ ಒಬ್ಬಾಂವ ಅಲ್ಲಿ ಹೋಗಿ ಯಾರ ಕುಬಸ ಹೊಲೀಲಿ,” ಎಂದ. “ಅಂದಾನೆಪ್ಪಗ ಹೇಳತೇನಿ ಬಿಡು.”

ಅಂದಾನೆಪ್ಪ ಸವದತ್ತಿಯ ಒಬ್ಬ ಟೇಲರನನ್ನು ಕರೆದುಕೊಂಡ. ಹನುಮಪ್ಪನೊಡನೆ ನಾಲ್ಕಾರು ತಿಂಗಳು ಮಾತು ಬಿಟ್ಟು, ಆಮೇಲೆ ತಾನಾಗಿ ಬಂದು ಅಂಗಿ ಹೊಲಿಸಿಕೊಂಡು ಹೋದ. ಸೀತವ್ವ ಎರಡನೆಯ ದರ್ಜೆಯಲ್ಲಿ ಪಾಸಾದಳು. ಕಾವ್ಯದ ಪೇಪರಿಗೆ ಹೆಚ್ಚೂ ಅಲ್ಲದ, ಕಡಿಮೆಯೂ ಅಲ್ಲದ ಅಂಕ ಬಂದಿದ್ದವು. ಪೇಪರು ನೋಡಿದವರು ಯಾರೋ, ಏನಂದುಕೊಂಡರೋ, ತಿಳಿಯಲೇ ಇಲ್ಲ. ಇದೆಲ್ಲ ಆಮೇಲಿನ ಮಾತು.

ಆ ದಿನ ಇಬ್ಬರೂ ಬೈಲಹೊಂಗಲದ ಬಸ್ಸು ಹಿಡಿದರು. ಹೊರಡುವ ಮೊದಲು ಹನುಮಪ್ಪ ಇಳಿದು ಹೋಗಿ, ಸೀಳಿ ಉಪ್ಪು ಖಾರ ಹಚ್ಚಿದ ಎಳೆ ಸೌತೆಕಾಯಿ ತಂದ. ತಿನ್ನುತ್ತ ಸೀತವ್ವ ಪೇಪರಿನ ಉಳಿದ ಪ್ರಶ್ನೆಗಳನ್ನು ಒಂದೊಂದಾಗಿ ಹೇಳಿದಳು. ಅವನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ತಿಳಿಯದಿದ್ದಲ್ಲಿ “ಅಂದ್ರ?” ಎಂದ. ಅವಳು ಬಿಡಿಸಿ ಹೇಳಿದಳು. ಊರು ದಾಟಿ ಕಪ್ಪು ಎರೆಹೊಲಗಳು ಬಂದವು. ಕಾಡಿಗೆ ಹೋದ ಅರಸ ಮುಂದೆ ಏನಾದ ಎಂದು ಕೇಳಲು ಹನುಮಪ್ಪ ತಿರುಗಿದಾಗ ಅವಳು ನಿದ್ದೆ ಹೋಗಿದ್ದಳು, ಅರ್ಧ ತಿಂದ ಸೌತೆಕಾಯಿ ಕೈಯಲ್ಲೇ ಹಿಡಿದುಕೊಂಡು. ಅವನು ಅದನ್ನು ಮೆಲ್ಲಗೆ ಬಿಡಿಸಿಕೊಂಡು, ಮೈ ಅಲುಗದಂತೆ ತುಸು ಮುಂದೆ ಬಾಗಿ, ಅವಳ ಮುಖಕ್ಕೆ ಹೊಡೆಯುತ್ತಿದ್ದ ಇಳಿಬಿಸಿಲಿಗೆ ಅಡ್ಡವಾಗಿ ತನ್ನ ಟೋಪಿ ಹಿಡಿದು ಕೂತ. ಬಸ್ಸು ತಿರುವಿನಲ್ಲಿ ಹೊರಳಿದಾಗೆಲ್ಲ ಬಿಸಿಲೂ ಜಾಗ ಬದಲಿಸುತ್ತಿತ್ತು, ಅವನ ಕೈಯೂ.